ಕೌದಿಯ ಬೆಚ್ಚನೆಗೆ ಕಾರಣವೇನು?



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೆಕೆಯಲ್ಲಿ ದಪ್ಪ ಹೊದಿಕೆಯ ನೆನಪೇ ಬಾರದು. ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಅದನ್ನು ಹುಡುಕುತ್ತೇವೆ. ಅಂಗಡಿಯ ಕಂಬಳಿ ಬರುವ ಮೊದಲು ಕರ್ನಾಟಕದ ಎಷ್ಟೋ ಮನೆಗಳಲ್ಲಿ ಚಳಿಗೆ ಆಸರೆಯಾಗಿದ್ದುದು ಕೌದಿ. ಹಳೆಯ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ಸಾದಾ ಹೊಲಿಗೆಯಿಂದ ಒಂದಾಗಿಸಿದರೆ ಕೌದಿ ಸಿದ್ಧ.

ತೆಳುವಾದ ಈ ಬಟ್ಟೆಗಳು ಸೇರಿದಾಗ ಬೆಚ್ಚಗಾಗುವುದು ಹೇಗೆ? ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡದೆ ನಿಂತು, ನಮ್ಮ ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ಹೊಲಿಗೆ ಬಹಳ ಬಿಗಿಯಾದರೆ ಗಾಳಿಗೆ ಜಾಗವಿಲ್ಲ; ಸಡಿಲವಾದರೆ ಪದರಗಳು ಸರಿದು ಮುದುಡುತ್ತವೆ. ಈ ಹದ ಯಾವ ಪುಸ್ತಕದಲ್ಲೂ ಇಲ್ಲ, ಹೊಲಿಯುವವರ ಬೆರಳಲ್ಲಿದೆ. ಹತ್ತಿ ತೇವ ಹೀರಿದಾಗ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ. ಕೌದಿಯನ್ನು ಬಿಸಿಲಿಗೆ ಹಾಕುವುದು ಇದಕ್ಕಾಗಿಯೇ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ಪ್ರಸಿದ್ಧ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿ ಇವರು. ಅಡಿಗೆ ಸೀರೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ‘ಫುಲ’ ಎಂಬ ಹೂವಿನಂಥ ಮಡಿಕೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಬಂಗಾಳದ ಕಾಂಥಾ, ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಹಳ್ಳಿಯ ಕರಿಯ ಮಹಿಳೆಯರ ಹೊದಿಕೆಗಳು ಕೂಡ ಹಳೆಯ ಬಟ್ಟೆಯಿಂದಲೇ ಹುಟ್ಟಿ ಕಲೆಯೆನಿಸಿಕೊಂಡವು.

ಕೌದಿಯಲ್ಲಿ ಅಜ್ಜಿಯ ಸೀರೆ, ಅಪ್ಪನ ಅಂಗಿ, ಮಗುವಿನ ಲಂಗ ಒಟ್ಟಿಗೇ ಇರಬಹುದು. ಹರಿದಲ್ಲಿ ಇನ್ನೊಂದು ತುಂಡು ಸೇರುತ್ತದೆ. ಹಾಗೆ ಒಂದೇ ಕೌದಿ ತಲೆಮಾರುಗಳನ್ನು ದಾಟುತ್ತದೆ. ಈಗ ಅಗ್ಗದ ಪಾಲಿಯೆಸ್ಟರ್ ಕಂಬಳಿ ಕೈಗೆ ಸಿಗುತ್ತದೆ, ಹತ್ತಿ ಸೀರೆ ಉಡುವವರು ಕಡಿಮೆ. ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಕಾಪಾಡಬಹುದು, ಹೊಲಿಯುವ ಹದವನ್ನು ಹಾಗೆ ಕಾಪಾಡಲಾಗದು. ಕಲಿಯುವ ಕೈ ಇಲ್ಲದಿದ್ದರೆ ಅದು ಕಲಿಸುವವರೊಂದಿಗೇ ಹೋಗುತ್ತದೆ.

ಒಂದು ಪ್ರಯೋಗ ಮಾಡಿ. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಲ್ಲಿ ಸಮನಾಗಿ ಬಿಸಿನೀರು ತುಂಬಿ, ಎರಡನ್ನೂ ತಟ್ಟೆಯಿಂದ ಮುಚ್ಚಿ. ಒಂದಕ್ಕೆ ಹಳೆಯ ಪಂಚೆಯ ತುಂಡನ್ನು ಬಿಗಿಯಾಗಿ, ಇನ್ನೊಂದಕ್ಕೆ ಅಷ್ಟೇ ತುಂಡನ್ನು ಸಡಿಲವಾಗಿ ಸುತ್ತಿ. ಅರ್ಧ ಗಂಟೆಯ ನಂತರ ಥರ್ಮಾಮೀಟರಿನಿಂದ ನೋಡಿ, ಉತ್ತರವನ್ನು ಬರೆದಿಡಿ. ಆಮೇಲೆ ಸೂಜಿ ಹಿಡಿಯಬಲ್ಲ ಹಿರಿಯರೊಬ್ಬರ ಬಳಿ ಕುಳಿತು, ಹತ್ತು ಸಾಲು ನೀವೇ ಹೊಲಿದು ನೋಡಿ.