ಬಾಗಿಲಲ್ಲೇ ನಿಲ್ಲಿಸುವ ಕಂಪ್ಯೂಟರು

ತಿಂಗಳ 20ನೆಯ ತಾರೀಖೆಂದರೆ ಪೀಣ್ಯದ ಸಣ್ಣ ಕಾರ್ಖಾನೆಗಳವರಿಗೆ ಒಂದು ಬಗೆಯ ಪರೀಕ್ಷೆಯ ದಿನ. ತಿಂಗಳಿಗೊಮ್ಮೆ ಜಿ.ಎಸ್.ಟಿ. ಲೆಕ್ಕ ಒಪ್ಪಿಸತಕ್ಕವರು ಹಿಂದಿನ ತಿಂಗಳ ತಃಖ್ತೆಯನ್ನು ಅಂದಿನೊಳಗೆ ಸಲ್ಲಿಸಬೇಕು. ತಪ್ಪಿದರೆ, ತೆರಿಗೆ ಕಟ್ಟಬೇಕಾದವರಿಗೆ ದಿನವೊಂದಕ್ಕೆ 50 ರೂಪಾಯಿ ತಡಶುಲ್ಕ. ಅದರ ಮೇಲೆ ಬಡ್ಡಿ ಬೇರೆ. ಅಲ್ಲಿ ಎರಡು ಲೇತ್ ಯಂತ್ರಗಳನ್ನಿಟ್ಟುಕೊಂಡು ಜೀವನ ನಡೆಸುವ ನನ್ನ ಪರಿಚಿತರೊಬ್ಬರು ಅಂಥದೊಂದು ಸಂಜೆ ಮನೆಯ ಕಂಪ್ಯೂಟರಿನ ಮುಂದೆ ಕುಳಿತರು. ಗುಪ್ತಪದ ಒತ್ತಿದ್ದಾಯಿತು. ತೆರೆಯ ಮೇಲೆ ಸ್ವಾಗತದ ಮಾತು, ಅದರ ಕೆಳಗೆ ಸುತ್ತುವ ಚುಕ್ಕೆಗಳು. ಐದು ನಿಮಿಷ ಕಳೆಯಿತು, ಆರು ಕಳೆಯಿತು. ಚುಕ್ಕೆಗಳು ಸುತ್ತುತ್ತಲೇ ಇದ್ದುವು. ತಾಳ್ಮೆ ತಪ್ಪಿ ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಮತ್ತೆ ಹಾಕಿದರು, ಮತ್ತೆ ಆರಿಸಿದರು. ಮೂರನೆಯ ಸಲ ಬಾಗಿಲು ತೆರೆಯಿತು. ಆದರೆ ಒಳಗೆ ಮನೆ ಖಾಲಿ! ಪರಿಚಿತ ಚಿತ್ರವಿಲ್ಲ, ಕಡತಗಳಿಲ್ಲ. ಮೂಲೆಯಲ್ಲಿ ಏನೋ ಒಂದು ಸೂಚನೆ ಮೂಡಿ ಮರೆಯಾಯಿತು. ಅವರು ಧೈರ್ಯಗೆಡದೆ, ಬಿಲ್ಲುಗಳ ಕಟ್ಟು ಬಿಚ್ಚಿ, ಎರಡು ಗಂಟೆ ಕಾಲ ಲೆಕ್ಕವನ್ನು ಹೊಸದಾಗಿ ಬರೆದಿಟ್ಟು, ಕಂಪ್ಯೂಟರು ಮುಚ್ಚಿ ಊಟಕ್ಕೆದ್ದರು. ಬಂದು ನೋಡಿದರೆ ಆ ಲೆಕ್ಕವೂ ಇಲ್ಲ.

ವಾಚಕರೇ, ಈ ಕಥೆಯಲ್ಲಿ ಕಂಪ್ಯೂಟರು ಮಾಡಿದ ತಪ್ಪು ಎಷ್ಟು, ನಾವು ಮಾಡಿದ ತಪ್ಪು ಎಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ತಮ್ಮ ಮನೆಯಲ್ಲಿಯೂ ಇಂಥ ಸಂಜೆ ಬಂದೀತು. ಬಂದಾಗ ಸ್ವಿಚ್ಚಿಗೆ ಕೈ ಹೋಗದಿದ್ದರೆ ಈ ಬರಹ ಸಾರ್ಥಕ.

ಹಿಂದಿನ ವಾಲ್ವಿನ ರೇಡಿಯೋ ತಮಗೆ ನೆನಪಿದ್ದೀತು. ಗುಂಡಿ ತಿರುಗಿಸಿದೊಡನೆ ಹಾಡು ಬರುತ್ತಿರಲಿಲ್ಲ. ವಾಲ್ವು ಕಾಯಬೇಕು, ಆಮೇಲೆ ದನಿ. ಆ ತಡ ದೋಷವಲ್ಲ, ಯಂತ್ರದ ಸ್ವಭಾವ. ಕಂಪ್ಯೂಟರಿನಲ್ಲಿಯೂ ಹಾಗೆಯೇ ಒಂದಷ್ಟು ತಡ ಸ್ವಭಾವದ್ದು, ಉಳಿದದ್ದು ರೋಗದ್ದು. ಇವೆರಡನ್ನೂ ಬೇರ್ಪಡಿಸಬೇಕಾದರೆ, ಗುಪ್ತಪದ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆಂಬುದು ಸ್ವಲ್ಪ ತಿಳಿದಿರಬೇಕು.

ಮದುವೆಯ ಮನೆಯನ್ನು ನೆನೆಯಿರಿ. ಅತಿಥಿ ಬಂದು ಎಲೆಯ ಮುಂದೆ ಕೂರುವ ಮೊದಲೇ ನೀರು ಸೇದುವವನು, ಒಲೆ ಹೊತ್ತಿಸುವವನು, ಅಡಿಗೆಯವನು, ಬಡಿಸುವವನು ಎಲ್ಲರೂ ಬಂದಿರಬೇಕು. ನೀರು ಬಾರದೆ ಅಡಿಗೆಯಿಲ್ಲ; ಅಡಿಗೆಯಾಗದೆ ಬಡಿಸುವವನಿಗೆ ಕೆಲಸವಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆಯ ಹಿಂದೆ ದುಡಿಯುವ ಇಂಥ ಊಳಿಗದವರಿಗೆ ಸರ್ವಿಸುಗಳೆಂದು ಹೆಸರು. ಜಾಲದ ಸಂಪರ್ಕ, ಮುದ್ರಣ, ಧ್ವನಿ, ವೈರಸ್ಸಿನ ಕಾವಲು, ತಮ್ಮ ಸ್ವಂತ ಕಡತಗಳ ವ್ಯವಸ್ಥೆ, ಒಂದೊಂದಕ್ಕೂ ಒಂದೊಂದು ಸರ್ವಿಸು. ಇವರೆಲ್ಲರ ಮೇಲೆ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಎಂಬ ಒಬ್ಬ ಮೇಸ್ತ್ರಿ. ಆತ ಒಬ್ಬೊಬ್ಬರನ್ನೇ ಕೂಗುತ್ತಾನೆ. ಕೂಗಿದವನು ಓಗೊಡದಿದ್ದರೆ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತಾನೆ. ಆಮೇಲೆ ‘ಇವನು ಬರಲಿಲ್ಲ’ ಎಂದು ದಿನಚರಿಯಲ್ಲಿ ಬರೆದು ಮುಂದೆ ಸಾಗುತ್ತಾನೆ. ಬಾರದವನನ್ನು ನಂಬಿಕೊಂಡಿದ್ದವರೂ ಕೆಲಸ ಕೆಡಿಸುತ್ತಾರೆ. ಇಂಥ ಎರಡು ಮೂರು ಕಾಯುವಿಕೆಗಳು ಒಂದರ ಹಿಂದೊಂದು ಸೇರಿದರೆ, ಸುತ್ತುವ ಚುಕ್ಕೆಗಳ ಮುಂದೆ ನಮ್ಮ ಸಂಜೆ ಕಳೆಯಿತು.

ಈ ಕಾಯುವಿಕೆ ಎಷ್ಟು ಸಣ್ಣ ಕಾರಣಕ್ಕೂ ಆಗಬಹುದೆಂಬುದಕ್ಕೆ ಒಂದು ನಿಜ ಸಂಗತಿ ಉಂಟು. 2009ರಲ್ಲಿ ವಿಂಡೋಸ್ 7 ಬಂದಾಗ, ಹಿನ್ನೆಲೆಗೆ ಚಿತ್ರದ ಬದಲು ಬರಿಯ ಒಂದು ಬಣ್ಣವನ್ನಿಟ್ಟುಕೊಂಡವರು ಪ್ರತಿಸಲವೂ ಸ್ವಾಗತದ ತೆರೆಯಲ್ಲಿ 30 ಸೆಕೆಂಡು ನಿಲ್ಲಬೇಕಾಯಿತು. ‘ಹಿನ್ನೆಲೆಯ ಚಿತ್ರ ಸಿದ್ಧ’ ಎಂಬ ಸೂಚನೆ ಬರುವವರೆಗೆ ವ್ಯವಸ್ಥೆ ಕಾಯುತ್ತಿತ್ತು. ಚಿತ್ರವೇ ಇಲ್ಲದ ಮೇಲೆ ಆ ಸೂಚನೆ ಬರುವುದೆಲ್ಲಿಂದ? ಮುಂದೆ ಅದಕ್ಕೆ ತಿದ್ದುಪಡಿ ಬಂತೆನ್ನಿ. ಯಂತ್ರ ಹಳೆಯದಾಯಿತೆಂದು ನಿಟ್ಟುಸಿರು ಬಿಡುವ ಮೊದಲು ಅದು ಯಾರಿಗಾಗಿ ಕಾಯುತ್ತಿದೆ ಎಂದು ಕೇಳಬೇಕು. ಇದೇ ಈ ವಿದ್ಯೆಯ ಮೊದಲ ಪಾಠ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ರಾತ್ರಿ ‘ಷಟ್ ಡೌನ್’ ಮಾಡಿ ಮಲಗಿದ್ದೇನೆ, ಆದ್ದರಿಂದ ಬೆಳಿಗ್ಗೆ ಕಂಪ್ಯೂಟರು ಹೊಸದಾಗಿ ಏಳುತ್ತದೆ ಎಂಬ ನಂಬಿಕೆಯನ್ನು ಬಿಡಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಜಾರಿಯಲ್ಲಿದ್ದರೆ ಷಟ್ ಡೌನಿನಲ್ಲಿ ವ್ಯವಸ್ಥೆಯ ಒಳತಿರುಳು ಪೂರ್ತಿ ಆರುವುದಿಲ್ಲ. ಇದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅದನ್ನೇ ಎಬ್ಬಿಸುತ್ತದೆ. ನಿನ್ನೆಯ ಜಡ್ಡು ಇಂದಿಗೂ ಬರುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ ಆರಂಭ. ಅನೇಕ ಸಲ ಇಷ್ಟರಿಂದಲೇ ಕಾಹಿಲೆ ವಾಸಿಯಾಗುತ್ತದೆ.

ಆಗದಿದ್ದರೆ ಮೇಸ್ತ್ರಿಯ ದಿನಚರಿಯನ್ನು ಓದಬೇಕು. ಶೋಧದ ಪೆಟ್ಟಿಗೆಯಲ್ಲಿ ‘ಈವೆಂಟ್ ವ್ಯೂವರ್’ ಎಂದು ಬರೆದು ತೆರೆಯಿರಿ. ಅಲ್ಲಿ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’. ಕೆಂಪು ಗುರುತಿನ ಸಾಲುಗಳನ್ನೆಲ್ಲ ಕಂಡು ಹೆದರಬೇಡಿ. ಆರೋಗ್ಯವಾದ ಯಂತ್ರದಲ್ಲಿಯೂ ಒಂದಿಷ್ಟು ಕೆಂಪು ಇದ್ದೇ ಇರುತ್ತದೆ. ತಾವು ಕಾದ ಹೊತ್ತಿನ ಸಾಲುಗಳನ್ನು ಮಾತ್ರ ನೋಡಿ. 7009 ಎಂಬ ಸಂಖ್ಯೆ ಇದ್ದರೆ, ಅಲ್ಲಿ ಹೆಸರಿಸಿದ ಸರ್ವಿಸು ಗಡುವಿನೊಳಗೆ ಓಗೊಡಲಿಲ್ಲವೆಂದು ಅರ್ಥ. 30 ಸೆಕೆಂಡನ್ನು 30,000 ಮಿಲಿಸೆಕೆಂಡು ಎಂದು ಬರೆದಿರುತ್ತದೆ. 7000 ಎಂದರೆ ಸರ್ವಿಸು ಆರಂಭವಾಗಲಿಲ್ಲ. 7001 ಎಂದರೆ ಅದು ನಂಬಿದ ಇನ್ನೊಂದು ಬರಲಿಲ್ಲ. ಆಗ ಚಿಕಿತ್ಸೆ ಬೇಕಾದದ್ದು ಆ ಇನ್ನೊಂದಕ್ಕೆ. 41 ಎಂಬುದು, ಹಿಂದಿನ ಸಲ ಯಂತ್ರ ಕ್ರಮವಾಗಿ ಮುಚ್ಚಲಿಲ್ಲವೆಂಬುದಕ್ಕೆ ಸಾಕ್ಷಿ. ವಿದ್ಯುತ್ತು ಹೋದದ್ದೋ ನಾವೇ ತೆಗೆದದ್ದೋ ಅದಕ್ಕೆ ತಿಳಿಯದು. ಹೆಸರು, ಸಂಖ್ಯೆ, ಹೊತ್ತು, ಈ ಮೂರನ್ನೂ ಒಂದು ಕಾಗದದಲ್ಲಿ ಬರೆದಿಡಿ. ದುರಸ್ತಿಯವನ ಬಳಿಗೆ ಹೋದರೂ ‘ಯಾಕೋ ನಿಧಾನ’ ಎನ್ನುವುದಕ್ಕಿಂತ ಈ ಚೀಟಿ ಹತ್ತು ಪಾಲು ಮೇಲು.

ಹೆಸರು ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿಯಿತು. ಅದು ಎಂದೋ ಕೊಂಡು ಮರೆತ ಪ್ರಿಂಟರಿನದಾಗಿದ್ದರೆ ಅದರ ತಂತ್ರಾಂಶವನ್ನು ತೆಗೆದುಹಾಕಿ. ಎರಡು ವೈರಸ್ ಕಾವಲುಗಳಿದ್ದರೆ ಒಂದನ್ನು ಕಳುಹಿಸಿ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಾದರೆ ಬಂದವರನ್ನು ಇಬ್ಬರೂ ತಡೆಯುತ್ತಾರೆ. ಹೆಸರು ಸಿಗದಿದ್ದರೆ ಅರೆವಾಸಿಯ ಉಪಾಯ ಮಾಡಬಹುದು. ‘ಸಿಸ್ಟಮ್ ಕಾನ್ಫಿಗರೇಷನ್’ ತೆರೆದು, ಸರ್ವಿಸುಗಳ ಪಟ್ಟಿಯಲ್ಲಿ ಮೊದಲು ಮೈಕ್ರೋಸಾಫ್ಟಿನ ಸ್ವಂತ ಸರ್ವಿಸುಗಳನ್ನು ಮರೆಮಾಡುವ ಚೌಕಕ್ಕೆ ಗುರುತು ಹಾಕಿ. ಇದನ್ನು ಮರೆತರೆ ಮನೆಯ ಆಧಾರಸ್ತಂಭವನ್ನೇ ಕಿತ್ತಂತಾದೀತು. ಉಳಿದವು ಹದಿನಾರು ಇವೆಯೆನ್ನಿ. ಎಂಟನ್ನು ನಿಲ್ಲಿಸಿ ರೀಸ್ಟಾರ್ಟ್ ಮಾಡಿ. ತಡ ಹೋಯಿತೆ? ಕಳ್ಳ ಆ ಎಂಟರಲ್ಲಿದ್ದಾನೆ. ಹೋಗಲಿಲ್ಲವೆ? ಇನ್ನೆಂಟರಲ್ಲಿ. ತಪ್ಪಿತಸ್ಥ ಒಬ್ಬನೇ ಆಗಿದ್ದರೆ, ಹೀಗೆ ನಾಲ್ಕು ಸಲದಲ್ಲಿ ಸಿಕ್ಕಿಬೀಳುತ್ತಾನೆ. ನಿಲ್ಲಿಸಿದವುಗಳ ಹೆಸರನ್ನು ಬರೆದಿಟ್ಟು, ನಿರಪರಾಧಿಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವುದನ್ನು ಮರೆಯಬಾರದು. ಒಳಗೆ ಬಂದ ಮೇಲೂ ಯಂತ್ರ ತೆವಳುತ್ತಿದ್ದರೆ, ‘ಟಾಸ್ಕ್ ಮ್ಯಾನೇಜರ್’ನ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಕರೆಯದೆ ಬಂದು ಕುಳಿತ ಬಂಧುಗಳನ್ನು ಕಾಣಬಹುದು. ಅವರನ್ನು ಅಲ್ಲಿಂದ ಬಿಡಿಸಿದರೂ ಬೇಕಾದಾಗ ಕರೆದರೆ ಬರುತ್ತಾರೆ.

ಸರ್ವಿಸು ಮೈಕ್ರೋಸಾಫ್ಟಿನದೇ ಆಗಿದ್ದು ಕೆಟ್ಟಿದ್ದರೆ, ವ್ಯವಸ್ಥೆಯ ಕಡತಗಳು ಹಾಳಾಗಿರಬಹುದು. ಆಡಳಿತಾಧಿಕಾರದ ‘ಕಮಾಂಡ್ ಪ್ರಾಂಪ್ಟ್’ನಲ್ಲಿ ನಡೆಸುವ ‘ಎಸ್‌ಎಫ್‌ಸಿ’ ಎಂಬ ಪರೀಕ್ಷೆ ಅವನ್ನು ಹುಡುಕಿ ತಿದ್ದುತ್ತದೆ. ಆದರೆ ಅದಕ್ಕೂ ಮುಂಚೆ ಒಂದು ಎಚ್ಚರಿಕೆಯ ಮಾತು. ದಿನಚರಿಯಲ್ಲಿ ‘ಡಿಸ್ಕ್’ ಎಂಬ ಮೂಲದಿಂದ 7 ಎಂಬ ಸಂಖ್ಯೆ ಕಂಡರೆ, ಡಿಸ್ಕಿನ ಮೈಯಲ್ಲಿ ಹಾಳಾದ ಜಾಗವಿದೆಯೆಂದು ತಿಳಿಯಬೇಕು. ಹಳೆಯ ಬಗೆಯ ಡಿಸ್ಕು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆ. ಹಾಳಾದ ಜಾಗ ಬಂದಾಗ ಅದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ, ನಾವು ಕಾಯುತ್ತೇವೆ. ಇಂಥ ಡಿಸ್ಕಿಗೆ ದೀರ್ಘ ಪರೀಕ್ಷೆಗಳ ಶ್ರಮ ಕೊಡುವುದು ಜ್ವರ ಬಂದವನನ್ನು ಓಡಿಸಿದಂತೆ. ಮೊದಲು ಕಡತಗಳ ನಕಲು, ಆಮೇಲೆ ಉಳಿದ ಮಾತು. ಡಿಸ್ಕು ಚೆನ್ನಾಗಿದ್ದರೂ, ತಿರುಗುವ ತಟ್ಟೆಯ ಬದಲು ತಿರುಗದ ಎಸ್‌ಎಸ್‌ಡಿ ಹಾಕಿಸುವುದು ಹಳೆಯ ಯಂತ್ರದ ನಿಧಾನಕ್ಕೆ ಬಹುಮಟ್ಟಿಗೆ ಒಳ್ಳೆಯ ಔಷಧ.

ಇನ್ನು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಡೆಯ ಮನೆಗಳ ಮಾತು ಸ್ವಲ್ಪ ಬೇರೆ. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿದಾಗ, ಆಫೀಸಿನ ಕಂಪ್ಯೂಟರು ಒಂದು ದಿನ ಮನೆಯ ಊಟದ ಮೇಜಿಗೆ ಬಂದೀತೆಂದು ಯಾರೂ ಎಣಿಸಿರಲಾರರು. 2020ರ ಮಾರ್ಚ್ 25ರ ಲಾಕ್‌ಡೌನಿನಿಂದ ಅದೂ ಆಯಿತು. ಆಫೀಸಿನ ಕಂಪ್ಯೂಟರು ಗುಪ್ತಪದವನ್ನು ತಾನೇ ನಿರ್ಣಯಿಸುವಂಥದಲ್ಲ. ಕಂಪನಿಯ ‘ಡೊಮೈನ್ ಕಂಟ್ರೋಲರ್’ನನ್ನು ಕೇಳುವುದು ಅದರ ಕ್ರಮ. ಮನೆಯಿಂದ ಆತ ಕೈಗೆ ಸಿಗದಿದ್ದರೆ, ಹಿಂದೆ ಒಳಬಂದಾಗ ಬರೆದಿಟ್ಟುಕೊಂಡ ಗುರುತನ್ನು ನೋಡಿ ಬಿಡುತ್ತದೆ. ವಿಂಡೋಸ್ ಸಾಮಾನ್ಯವಾಗಿ 10 ಗುರುತುಗಳನ್ನು ಇಟ್ಟುಕೊಂಡಿರುತ್ತದೆ. ಆದರೆ ಆಫೀಸಿನ ಹಂಚಿಕೆಯ ಡ್ರೈವು, ಕಂಪನಿಯ ನಿಯಮಾವಳಿ ಇವುಗಳಿಗಾಗಿ ಹುಡುಕಾಡಿ ಹೊತ್ತು ಕಳೆಯುತ್ತದೆ. ಇದಕ್ಕೆ ಮೇಲೆ ಹೇಳಿದ ಉಪಾಯಗಳನ್ನು ಪ್ರಯೋಗಿಸಬೇಡಿ. ಅದು ಪರರ ಸೊತ್ತು. ಚೀಟಿ ಬರೆದು ಆಫೀಸಿನ ತಂತ್ರಜ್ಞರಿಗೆ ಕೊಡಿ.

ಕೆಲವು ಸಲ ತಪ್ಪು ನಮ್ಮದೂ ಅಲ್ಲ, ಯಂತ್ರದ್ದೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ಒಂದು ದೋಷಯುಕ್ತ ತಿದ್ದುಪಡಿಯಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಳದೆ ನೀಲಿ ತೆರೆ ತೋರಿಸಿ ಕುಳಿತವು. ‘ಸೇಫ್ ಮೋಡ್’ ಎಂಬ ಮಿತವಾದ ಸ್ಥಿತಿಯಲ್ಲಿ ಯಂತ್ರವನ್ನು ಎಬ್ಬಿಸಿ ಆ ಒಂದು ಕಡತವನ್ನು ತೆಗೆದರೆ ಸರಿಹೋಗುತ್ತಿತ್ತು. ಅದು ಸಂಸ್ಥೆಗಳು ಬಳಸುವ ತಂತ್ರಾಂಶವಾದ್ದರಿಂದ ಮನೆಯ ಯಂತ್ರಗಳು ಬಹುಮಟ್ಟಿಗೆ ಪಾರಾದುವು. ಅತ್ಯವಶ್ಯಕ ಊಳಿಗದವರಿಂದ ಮಾತ್ರ ಮನೆ ನಡೆಸುವ ಈ ಸೇಫ್ ಮೋಡಿನಲ್ಲಿ ತಮ್ಮ ಕಂಪ್ಯೂಟರು ಬೇಗ ಒಳಬಿಟ್ಟರೆ, ದೋಷ ಬಹುಶಃ ಆಮೇಲೆ ಸೇರಿಸಿದ ಯಾವುದೋ ತಂತ್ರಾಂಶದಲ್ಲಿದೆಯೆಂದು ಊಹಿಸಬಹುದು.

ಇನ್ನೊಂದು ಅಪಾಯ ಯಂತ್ರದ ಹೊರಗಿನದು. ಗಾಬರಿಯಲ್ಲಿ ಸಹಾಯದ ದೂರವಾಣಿ ಹುಡುಕುವವರನ್ನು ಕಾದು ಕುಳಿತ ಮೋಸಗಾರರಿದ್ದಾರೆ. ಅವರು ದಿನಚರಿಯ ಕೆಂಪು ಸಾಲುಗಳನ್ನೇ ತೋರಿಸಿ ಹೆದರಿಸುತ್ತಾರೆ. ಕಂಪ್ಯೂಟರನ್ನು ದೂರದಿಂದ ನಡೆಸುವ ತಂತ್ರಾಂಶ ಹಾಕಿಸಿ ಬ್ಯಾಂಕಿನ ಹಣಕ್ಕೆ ಕೈಯಿಡುತ್ತಾರೆ. ತಾವಾಗಿ ಕರೆ ಮಾಡಿ ‘ನಿಮ್ಮ ಕಂಪ್ಯೂಟರು ಕೆಟ್ಟಿದೆ’ ಎನ್ನುವವರನ್ನು ನಂಬಲೇಬೇಡಿ. ಹಣ ಹೋದರೆ ಆ ಕ್ಷಣವೇ 1930ಕ್ಕೆ ದೂರು ಕೊಡಿ.

ಈಗ ಪೀಣ್ಯದ ನಮ್ಮ ಪರಿಚಿತರ ಮಾತಿಗೆ ಬರೋಣ. ಮೂಲೆಯಲ್ಲಿ ಮೂಡಿ ಮರೆಯಾದ ಸೂಚನೆ, ಅವರು ತಾತ್ಕಾಲಿಕ ಪ್ರೊಫೈಲಿನಲ್ಲಿ ಒಳಬಂದಿದ್ದಾರೆಂಬುದು. ಸ್ವಂತ ಕೋಣೆಯ ಬೀಗ ತೆರೆಯದಿದ್ದಾಗ ವಿಂಡೋಸ್ ಅತಿಥಿಗಳ ಕೋಣೆಯಲ್ಲಿ ಕೂರಿಸುತ್ತದೆ; ಅತಿಥಿ ಹೊರಟೊಡನೆ ಆ ಕೋಣೆಯನ್ನು ಗುಡಿಸಿಬಿಡುತ್ತದೆ. ಎರಡು ಗಂಟೆಯ ಲೆಕ್ಕ ಹೋದದ್ದು ಹೀಗೆ. ಮರುದಿನ ದಿನಚರಿ ತೆರೆದು ನೋಡಿದೆವು. ಡಿಸ್ಕಿನ 7 ಸಾಲುಸಾಲಾಗಿ ಇತ್ತು. ನಡುವೆ, ಅವರು ಸ್ವಿಚ್ಚು ಆರಿಸಿದ ಎರಡು ಹೊತ್ತುಗಳಿಗೆ ಸರಿಯಾಗಿ ಎರಡು 41. ಡಿಸ್ಕು ಮೊದಲೇ ಬಳಲಿತ್ತು; ಬರೆಯುತ್ತಿರುವಾಗ ಎರಡು ಸಲ ವಿದ್ಯುತ್ತು ತೆಗೆದದ್ದರಿಂದ ಅವರ ಕೋಣೆಯ ಬೀಗವೇ ಕೆಟ್ಟಿರಬೇಕು. ಆದರೆ ಕೋಣೆಯ ಸಾಮಾನು ಎಲ್ಲಿಯೂ ಹೋಗಿರಲಿಲ್ಲ. ‘ಯೂಸರ್ಸ್’ ಎಂಬ ಕಡತಕೋಶದಲ್ಲಿ ಅವರ ಹೆಸರಿನ ಕೆಳಗೆ ಆರು ವರ್ಷಗಳ ಲೆಕ್ಕ ಹಾಗೆಯೇ ಇತ್ತು. ಅದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿದ ಮೇಲೆಯೇ ಅವರು ಕಾಫಿ ಕುಡಿದದ್ದು.

ತಃಖ್ತೆ ಎರಡು ದಿನ ತಡವಾಯಿತು. ನೂರು ರೂಪಾಯಿ ಶುಲ್ಕವನ್ನೂ ಅದರ ಮೇಲಿನ ಬಡ್ಡಿಯನ್ನೂ ಕಟ್ಟಿದರು. ಈಗ ಅವರ ಮೇಜಿನ ಕೆಳಗೆ ಒಂದು ಯು.ಪಿ.ಎಸ್. ಇದೆ, ಕಂಪ್ಯೂಟರಿನೊಳಗೆ ಹೊಸ ಎಸ್‌ಎಸ್‌ಡಿ ಇದೆ, ಪ್ರತಿ ಶನಿವಾರ ಲೆಕ್ಕದ ನಕಲು ಮಗಳ ಪಾಲಿನ ಕೆಲಸ. ಗೋಡೆಯ ಸ್ವಿಚ್ಚಿನ ಮೇಲೆ ಆಕೆಯೇ ಒಂದು ಚೀಟಿ ಅಂಟಿಸಿದ್ದಾಳೆ: ‘ಮೊದಲು ದಿನಚರಿ ಓದಿ.’