ಮೊದಲ ಪ್ರದರ್ಶನಕ್ಕೊಂದು ಗೋಡೆ

ನಮ್ಮ ಗಡಿ ಊರುಗಳಲ್ಲಿ ಚಿತ್ರ ಬರೆಯುವವರಿಗೆ ಕೊರತೆಯಿಲ್ಲ, ಕೊರತೆ ಗೋಡೆಗೆ. ಕಾಸರಗೋಡಿನವರಿಗೆ ಕಾಞಂಗಾಡಿನಲ್ಲಿ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ. ತಾಳವಾಡಿಯವರು ಚಿತ್ರ ಕಟ್ಟಿಕೊಂಡು ಮೈಸೂರಿಗೋ ಕೊಯಮತ್ತೂರಿಗೋ ಹೋಗಬೇಕು. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆ ಉಂಟಲ್ಲ ಎನ್ನಬಹುದು. ಅಲ್ಲಿ ಮಾರಾಟ ಆದೀತು, ಆದರೆ ಒಂದು ದಿನದ ಜನಜಂಗುಳಿಯಲ್ಲಿ ಹೊಸಬರ ಕೆಲಸವನ್ನು ನಿಂತು ನೋಡುವವರು ಎಷ್ಟು ಮಂದಿ?

ಗ್ಯಾಲರಿಗೆ ದೊಡ್ಡ ಕಟ್ಟಡ ಬೇಡ, ಸಂಘದ ಸಭಾಂಗಣ ಸಾಕು. ಗೋಡೆಗೆ ಬಿಳಿ ಬಣ್ಣ, ಮೇಲೆ ತೂಗುಹಾಕಲು ಸರಳು; ಪ್ರತಿ ಸಲ ಮೊಳೆ ಹೊಡೆಯುವುದು ತಪ್ಪುತ್ತದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿರಲಿ. ಬಿಸಿಲು ಬಿದ್ದರೆ ಜಲವರ್ಣ ಮಾಸುತ್ತದೆ, ಕಿಟಕಿಗೆ ಪರದೆ ಬೇಕು. ಹೆಸರಿನ ಚೀಟಿ ಕನ್ನಡದ ಜೊತೆ ಆ ಊರಿನ ಭಾಷೆಯಲ್ಲೂ ಇರಲಿ. ನೋಡಲು, ಕೊಳ್ಳಲು ಬರುವವರಲ್ಲಿ ನೆರೆಮನೆಯ ಮಲಯಾಳಿ, ತಮಿಳರೂ ಇರುತ್ತಾರೆ.

ಮನಸ್ತಾಪ ಬರುವುದು ಹಣದಲ್ಲಿ. ಬೆಲೆ ಎಷ್ಟು, ಗ್ಯಾಲರಿಯ ಪಾಲೆಷ್ಟು, ಸಾಗಿಸುವಾಗ ಗಾಜು ಒಡೆದರೆ ಯಾರ ಹೊಣೆ ಎಂಬುದನ್ನು ಮೊದಲೇ ಬರೆದುಕೊಳ್ಳಿ. ಮೊದಲ ಪ್ರದರ್ಶನದವರಿಂದ ಬಾಡಿಗೆ ಕೇಳುವುದು ಸರಿಯಲ್ಲ; ಮಾರಾಟವಾದರೆ ಪಾಲು ಪಡೆದರಾಯಿತು. ನಾಲ್ಕು ಪುಟದ ಪರಿಚಯ ಪುಸ್ತಿಕೆಯನ್ನು ಮಾತ್ರ ಬಿಡಬೇಡಿ. ಮುಂದೆ ಎಲ್ಲಿಯಾದರೂ ಅರ್ಜಿ ಹಾಕುವಾಗ, ‘ಹಿಂದೆ ಎಲ್ಲಿ ಪ್ರದರ್ಶಿಸಿದ್ದೀರಿ?’ ಎಂದರೆ ತೋರಿಸಲು ಆ ಹುಡುಗಿಯ ಕೈಯಲ್ಲಿರುವುದು ಅದೊಂದೇ.