ಹತ್ತರ ಋಣಘಾತಗಳು

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಚಿನ್ನದ ಅದಿರಿನ ಸೀಮೆಯಲ್ಲಿದೆ. ಅಲ್ಲಿಯ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷವಸ್ತು ಬೆರೆತು, ಅದನ್ನು ಕುಡಿದವರ ಚರ್ಮದ ಮೇಲೆ ಕಲೆಗಳೂ ಗಂಟುಗಳೂ ಎದ್ದುದು 2009ರ ಸುಮಾರಿಗೆ ಬೆಳಕಿಗೆ ಬಂದಿತು.

ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಎಷ್ಟಿರಬಹುದು? ವಿಶ್ವ ಆರೋಗ್ಯ ಸಂಸ್ಥೆಯು 1993ರಲ್ಲಿ ಇಟ್ಟ ಮಿತಿ ಲೀಟರಿಗೆ 0.00001 ಗ್ರಾಂ. ಈ ಸೊನ್ನೆಗಳನ್ನು ಎಣಿಸುವಾಗ ಕಣ್ಣು ತಪ್ಪುವುದು ಸಹಜ. ಆದುದರಿಂದ ನಾವು ಇದನ್ನು 1 × 10⁻⁵ ಎಂದು ಬರೆಯುತ್ತೇವೆ. ಹತ್ತರ ಘಾತವು ಒಂದೊಂದಾಗಿ ಇಳಿದಂತೆ ಬೆಲೆಯು ಹತ್ತನೆಯ ಒಂದು ಪಾಲಾಗುತ್ತದೆ: 10¹ ಎಂದರೆ ಹತ್ತು, 10⁰ ಒಂದು, 10⁻¹ ಹತ್ತರಲ್ಲೊಂದು. ಋಣಚಿಹ್ನೆಯನ್ನು ಕಂಡು, ಸಂಖ್ಯೆಯೇ ಸೊನ್ನೆಗಿಂತ ಕೆಳಗಿಳಿಯಿತೆಂದು ಭ್ರಮಿಸುವವರುಂಟು. ಹಾಗಲ್ಲ, 10⁻⁵ ಎಂದರೆ ಲಕ್ಷದಲ್ಲೊಂದು.

ಒಂದು ಲೀಟರು ನೀರಿನ ತೂಕ ಸುಮಾರು 10³ ಗ್ರಾಂ. ಭಾಗಿಸುವಾಗ ಘಾತಗಳನ್ನು ಕಳೆದರಾಯಿತು: 10⁻⁵ ÷ 10³ = 10⁻⁸. ಹತ್ತು ಕೋಟಿ ಪಾಲು ನೀರಿಗೆ ಒಂದು ಪಾಲು ವಿಷ!

ಸಂಸ್ಥೆಯ ಹಿಂದಿನ ಮಿತಿ 5 × 10⁻⁵, ಎಂದರೆ ಈಗಿನದರ ಐದು ಪಟ್ಟು. ಆದರೆ ಈಗಿನ ಮಿತಿಯ −5ರ ಸ್ಥಾನದಲ್ಲಿ ಕೈತಪ್ಪಿ −4 ಎಂದು ಬರೆದರೆ ಅದು ಹತ್ತು ಪಟ್ಟಾಗುತ್ತದೆ. ನಿಜವಾದ ಮಿತಿಯನ್ನು ಹಲವು ಪಟ್ಟು ಮೀರಿದ ನೀರೂ ಕುಡಿಯಲು ಯೋಗ್ಯವೆನ್ನಿಸಿಕೊಳ್ಳಲು ಅಷ್ಟು ತಪ್ಪು ಸಾಕು.